ಹಿಂದಿನ ಗಾಲಿಯ ಬ್ರೇಕು

ಬ್ರೇಕ್ ಸುಟ್ಟ ವಾಸನೆ ಬಂದರೆ ಈಗಲೂ ನಾನು ಎಡ ಮಣಿಕಟ್ಟನ್ನು ಸವರಿಕೊಳ್ಳುತ್ತೇನೆ.

ಅಜ್ಜನ ಹಳೇ ವಿಲಾಯತಿ ಕಾರಿನ ಹಿಂದಿನ ಬ್ರೇಕು ಮೂರೇ ತಿಂಗಳಿಗೆ ಸವೆದುಹೋಗುತ್ತಿತ್ತು. ಉದ್ಯಮಬಾಗದ ಗ್ಯಾರೇಜಿನ ಮಿಸ್ತ್ರಿಕಾಕಾ ರೋಸಿಹೋಗಿ, ಒಂದು ಮಧ್ಯಾಹ್ನ "ನೀವ ಓಡಿಸಿ ತೋರಸ್ರಿ ಸಾವ್ಕಾರ್ರ," ಎಂದು ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕುಳಿತರು. ಅಜ್ಜ ಖಾನಾಪುರದ ದಾರಿ ಹಿಡಿದ. ಮುಂದೆ ಕುಳಿತ ಅಜ್ಜಿಯ ಕೈ ಎಂದಿನಂತೆ ಇಳಕಲ್ ಸೆರಗಿನ ಕೆಳಗೆ, ತಂತಿಯಿಂದ ಹಿಂದಿನ ಗಾಲಿ ಹಿಡಿಯುವ ಹ್ಯಾಂಡ್‌ಬ್ರೇಕನ್ನು ತುಸು ಮೇಲೆಳೆದು ಹಿಡಿದಿತ್ತು. ಎಂಟು ಸಿಲಿಂಡರಿನ ಆ ಎಂಜಿನ್ನಿಗೆ ಆ ಎಳೆತ ಲೆಕ್ಕಕ್ಕೇ ಇರಲಿಲ್ಲ. ದೊಡ್ಡವರು ಕೂರುವುದೇ ಹಾಗೆ ಎಂದುಕೊಂಡಿದ್ದೆ. ಕಾಕಾನೂ ಆ ಕೈ ನೋಡಿದರು.

"ಏನಾಗೈತೋ?" ಗಾಡಿ ನಿಲ್ಲಿಸಿ ಅಜ್ಜ ಕೇಳಿದ.

"ಅಮ್ಮಾರು ಮುಂದ ಕುಂತ್ರ ಭಾರ ಬೀಳತೈತ್ರಿ. ಹಿಂದ ಕುಂದರ್ಲಿ."

"ಮುಂದಿನ ಭಾರ ಹಿಂದಿನ ಬ್ರೇಕಿಗೆ ಹ್ಯಾಂಗ ಬೀಳತೈತಿ?" ಎಂದೆ. ಅಜ್ಜ ಆಗಲಿ ಎಂದು ಕಾಕಾನತ್ತ ತಲೆಯಾಡಿಸಿದ.

ಮರಳುವಾಗ ಕಾಕಾ ಮುಂದೆ, ಅಜ್ಜಿ ನನ್ನ ಪಕ್ಕ. ಗಾಡಿ ಜೋರಾದಾಗೆಲ್ಲ ಅವಳು ನನ್ನ ಮಣಿಕಟ್ಟು ಹಿಡಿದು ತುಸು ಮೇಲೆಳೆಯುತ್ತಿದ್ದಳು. ಕನ್ನಡಿಯಲ್ಲಿ ಅಜ್ಜನ ಕಣ್ಣು ನಮ್ಮತ್ತ ಬರುತ್ತಿತ್ತು, ಗಾಡಿ ನಿಧಾನವಾಗುತ್ತಿತ್ತು. ನನ್ನ ಕೈಯಿಂದ ಗಾಲಿಗೆ ಕಾಕಾ ಯಾವಾಗ ತಂತಿ ಜೋಡಿಸಿದರೋ, ನನಗೆ ತಿಳಿಯಲೇ ಇಲ್ಲ.