ಯಜಮಾನರು ತೋರಿಸಿದ ಸಿನಿಮಾ

ಸಿನಿಮಾ ಮುಗಿದು ದೀಪ ಹತ್ತಿದ ಕೂಡಲೇ ಒಡವೆ ಅಂಗಡಿಯ ಕೆಲಸದವರೆಲ್ಲ ಯಜಮಾನರ ಮುಖ ನೋಡಿದರು. ಪೋಸ್ಟರಿನಲ್ಲಿ ವಜ್ರ ಕಂಡು, ವ್ಯಾಪಾರಕ್ಕೆ ಹುರುಪು ಬರಲೆಂದು ಎಲ್ಲರಿಗೂ ಟಿಕೆಟ್ ಕೊಡಿಸಿದವರು ಅವರೇ. ತೆರೆಯ ಮೇಲೆ ಕಂಡದ್ದು ಮಾತ್ರ ಆ ಕಲ್ಲಿಗಾಗಿ ನಡೆದ ಕಾದಾಟದಲ್ಲಿ ಸುಟ್ಟು ಬೂದಿಯಾದ ಊರುಗಳು.

"ಫೈಟಿಂಗ್ ಸೂಪರ್!" ಎಂದ ಕಾವಲುಗಾರ. "ಸ್ವಲ್ಪ ಜಾಸ್ತಿನೇ ಎಳೆದುಬಿಟ್ರು," ಎಂದು ಲೆಕ್ಕದವರು ಆಕಳಿಸಿದರು. ಕೌಂಟರಿನ ಹುಡುಗಿ ಮಾತ್ರ ಇನ್ನೂ ಕಣ್ಣೊರೆಸಿಕೊಳ್ಳುತ್ತಿದ್ದಳು.

"ರೀ, ಒಳ್ಳೇ ಸಿನಿಮಾಕ್ಕೇ ಕರ್ಕೊಂಡು ಬಂದ್ರಿ ಬಿಡಿ!" ಎಂದು ಯಜಮಾನರ ಹೆಂಡತಿ ಚುಚ್ಚಿದರು.

ಯಜಮಾನರು ಎದ್ದು ನಿಂತು, ಒಬ್ಬರೇ ಚಪ್ಪಾಳೆ ತಟ್ಟಿದರು. "ಒಳ್ಳೇ ಸಿನಿಮಾನೇ ಕಣೇ," ಎಂದು ಹುಡುಗಿಯ ಕಡೆ ತಿರುಗಿದರು. "ಕಲ್ಲು ಎಲ್ಲಿಂದ ಬಂತು ಅಂತ ಗಿರಾಕಿ ಕೇಳಿದ್ರೆ, ನಾನು ಹೇಳಿಕೊಟ್ಟ ಹಾಗೆ ನಕ್ಕು ಮಾತು ಮರೆಸಬೇಡಮ್ಮ. ನನ್ನನ್ನ ಕರಿ."