ತಳ ತೂತಾದ ಬಟ್ಟಲು

ಮರ ಕಡೆಯುವ ಲೇತ್ ನಿಲ್ಲಿಸಿ ಮೇಸ್ತ್ರಿ ಬಟ್ಟಲೊಳಗೆ ಇಣುಕಿದ. ತಳದ ನಟ್ಟನಡುವೆ ಹೆಬ್ಬೆರಳು ತೂರುವಷ್ಟು ತೂತು. ಅದರಾಚೆ ಲೇತಿನ ಕಬ್ಬಿಣ ಕಾಣುತ್ತಿತ್ತು. ಅದೂ ಎಂಥ ಮರ! ಕೆಡವಿದ ಹಳೇ ಆಸ್ಪತ್ರೆಯ ಹೆರಿಗೆ ವಾರ್ಡಿನ ಬಾಗಿಲ ಚೌಕಟ್ಟು. ಅಲ್ಲಿ ಮೂವತ್ತು ವರ್ಷ ದುಡಿದ ನರ್ಸಮ್ಮ, ಲಾರಿ ಹೊರಡುವ ಮುಂಚೆ ಗುತ್ತಿಗೆದಾರನನ್ನು ಕಾಡಿ ಬೇಡಿ ಮೊಳದುದ್ದದ ತುಂಡೊಂದನ್ನು ಉಳಿಸಿಕೊಂಡು ತಂದಿದ್ದರು. "ಇದರಲ್ಲಿ ನನಗೊಂದು ಬಟ್ಟಲು ಮಾಡಿಕೊಡಿ. ರಿಟೈರಾದ ಮೇಲೆ ಕಣ್ಣೆದುರಿಗೆ ಇರಲಿ" ಅಂದಿದ್ದರು. ಮೊಳೆ ತುಕ್ಕು ಹಿಡಿದಿದ್ದ ಜಾಗಗಳನ್ನೆಲ್ಲ ಕೊಯ್ದು ತೆಗೆದ ಮೇಲೆ ಉಳಿದದ್ದು ಒಂದು ಬಟ್ಟಲಿಗೆ ಆಗುವಷ್ಟೇ. ನಾಳೆ ಸಂಜೆ ಅವರು ಬರುವವರಿದ್ದರು.

ಅಡುಗೆಮನೆಯಿಂದ ಹೆಂಡತಿ ಒದ್ದೆ ಕೈಯಲ್ಲೇ ಓಡಿ ಬಂದಳು.

"ಹಳೇ ಮರ. ಒಳಗೆಲ್ಲ ಟೊಳ್ಳು" ಎಂದ ಮೇಸ್ತ್ರಿ, ಅವಳ ಕಡೆ ನೋಡದೆ.

ಅವಳು ಸುತ್ತಿ ಬಂದು ಅವನ ಎದುರಿಗೇ ನಿಂತಳು. "ಪಾಪದ ಮರದ ಮೇಲೆ ಯಾಕೆ ಗೂಬೆ ಕೂರಿಸ್ತೀರಿ? 'ಸಾಕು ಬಿಡ್ರೀ' ಅಂತ ಅಲ್ಲಿಂದ ಮೂರು ಸಲ ಕೂಗಿದೆ."

"ಮೋಟರ್ ಗಲಾಟೇಲಿ ಎಲ್ಲಿ ಕೇಳುತ್ತೆ?"

"ಮೋಟರ್ ನಿಂತ ಮೇಲೂ ಒಂದು ಸಲ ಕೂಗಿದೆ."

ಮೇಸ್ತ್ರಿ ಉಳಿ ಕೆಳಗಿಟ್ಟ. ಮರ ಕಡೆಯುವವರಿಗೆ ತಳದ ದಪ್ಪ ತಿಳಿಯುವುದು ಕಣ್ಣಿನಿಂದಲ್ಲ, ಕಿವಿಯಿಂದ. ದಪ್ಪಗಿರುವ ತನಕ ಉಳಿಯ ಕೆಳಗೆ ಗೊರಗೊರ ಅನ್ನುವ ಮರ, ತೆಳ್ಳಗಾದಂತೆ ಸಣ್ಣದನಿ ತೆಗೆದು ಸಿಳ್ಳೆ ಹಾಕತೊಡಗುತ್ತದೆ. ಅಲ್ಲಿಗೆ ಕೈ ತೆಗೆಯಬೇಕು. ಆ ಸಿಳ್ಳೆ ಅವನಿಗೆ ಕೇಳದೆ ವರ್ಷವೇ ಆಗಿತ್ತು. ಇಷ್ಟು ದಿನ ಎಲ್ಲವನ್ನೂ ದಪ್ಪದಪ್ಪವಾಗಿ ಕಡೆದು ಹೇಗೋ ಬಚಾವಾಗಿದ್ದ. ನರ್ಸಮ್ಮನದು ನಾಜೂಕಾಗಿ ಬರಲೆಂದು ಆಸೆಪಟ್ಟು ಸಿಕ್ಕಿಬಿದ್ದ.

"ಯಾವತ್ತಿಂದ ಗೊತ್ತು ನಿಂಗೆ?" ಕೊನೆಗೆ ಕೇಳಿದ.

"ಹೋದ ವರ್ಷ ನಿಮ್ಮ ಬೆನ್ನ ಹಿಂದೆ ನಿಂತು ನಿಮ್ಮಕ್ಕನ್ನ ಬಾಯಿಗೆ ಬಂದ ಹಾಗೆ ಬೈದೆನಲ್ಲ, ಅವತ್ತಿಂದ. ನೀವು ಕಮಕ್ ಕಿಮಕ್ ಅನ್ನಲಿಲ್ಲ."

ಅವನಿಗೆ ನಗು ಬಂತು. ನಗುವಿನ ಜೊತೆಗೇ ಕಣ್ಣೂ ತುಂಬಿತು. "ಕಿವುಡ ಅಂತ ಗೊತ್ತಾದ್ರೆ ಯಾರು ಕಣೇ ನನ್ನ ಕೈಗೆ ಮರ ಕೊಡ್ತಾರೆ? ಈ ಲೇತ್ ನಿಂತುಹೋದ್ರೆ ನಾನು ಏನು ಮಾಡ್ಲಿ?"

ಅವಳಿಗೆ ಪಾಪ ಅನ್ನಿಸಿತು. ವರ್ಷವಿಡೀ ಇದನ್ನು ಒಬ್ಬನೇ ನುಂಗಿಕೊಂಡು ಕೂತಿದ್ದನಲ್ಲ ಎಂದು ಸಿಟ್ಟೂ ಬಂತು. ಆದರೆ ಬಾಯಿಂದ ಬಂದದ್ದು ಬೇರೆ ಮಾತು: "ಮೊದಲು ಆ ತೂತಿಗೆ ಏನಾದ್ರೂ ಮಾಡಿ."

ಮರದ ಹೊಟ್ಟಿನ ಗುಡ್ಡೆ ಕೆದಕಿ ಅದೇ ಚೌಕಟ್ಟಿನ ಚೂರೊಂದನ್ನು ಹುಡುಕಿಕೊಟ್ಟವಳೂ ಅವಳೇ. ಅವನು ತೂತಿನ ಅಂಚನ್ನು ದುಂಡಗೆ ಸರಿಮಾಡಿ, ಆ ಚೂರಿನಲ್ಲಿ ಒಂದು ಬಿಲ್ಲೆ ಕಡೆದು, ಅಂಟು ಸವರಿ ಬಿಗಿಯಾಗಿ ಕೂರಿಸಿದ. ಅಂಟು ಹಿಡಿಯಲೆಂದು ಮರುದಿನದ ತನಕ ಮುಟ್ಟಲಿಲ್ಲ. ಇನ್ನು ಒಳಗೆ ಉಬ್ಬಿ ನಿಂತ ಬಿಲ್ಲೆಯನ್ನು ತಳದ ಸಮಕ್ಕೆ ತರಬೇಕು. ಕೂದಲೆಳೆಯಷ್ಟು ಹೆಚ್ಚಾದರೂ ಮತ್ತೆ ತೂತು, ಆಮೇಲೆ ದೇವರೇ ಗತಿ.

ಬೆಳಿಗ್ಗೆ ಅವನು ಉಳಿ ಹಿಡಿದಾಗ ಅವಳು ಎದುರಿಗೆ ಬಂದಳು. "ಸದ್ದು ನನಗೆ ಬಿಡಿ. ನಾನು ಹೆಗಲು ಒತ್ತಿದ ತಕ್ಷಣ ಕೈ ತೆಗೀರಿ."

"ನಿಂಗೇನು ಗೊತ್ತಾಗುತ್ತೆ?"

"ಮೂವತ್ತೈದು ವರ್ಷದಿಂದ ಇದೇ ಸದ್ದಲ್ಲಿ ಅಡುಗೆ ಮಾಡ್ತಾ ಇದ್ದೀನಿ. ನಂಗಲ್ದೆ ಇನ್ಯಾರಿಗೆ ಗೊತ್ತಾಗ್ಬೇಕು?"

ಲೇತ್ ತಿರುಗಿತು. ಅವಳು ಅವನ ಹಿಂದೆ ನಿಂತು, ಹೆಗಲ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ ಕೇಳಿದಳು. ಹೊಟ್ಟು ಹಾರಿ ಇಬ್ಬರ ತಲೆಗೂ ಮೆತ್ತಿಕೊಂಡಿತು. ಗೊರಗೊರ ಸದ್ದು ಸಣ್ಣಗಾಯಿತು, ಇನ್ನೂ ಸಣ್ಣಗಾಯಿತು. ಅವಳ ಬೆರಳುಗಳು ಒತ್ತಿದವು. ಅವನು ಸರಕ್ಕನೆ ಉಳಿ ಎಳೆದುಕೊಂಡ. ಮದುವೆಯಾದ ಹೊಸದರಲ್ಲೂ ಅವಳ ಮಾತನ್ನು ಅವನು ಇಷ್ಟು ಬೇಗ ಕೇಳಿದ್ದಿಲ್ಲ.

ತಳ ಉಳಿದಿತ್ತು.

ಸಂಜೆ ನರ್ಸಮ್ಮ ಬಂದು ಕೂತರು. ಬಟ್ಟಲನ್ನು ಅತ್ತ ಇತ್ತ ತಿರುಗಿಸಿ, ಮಗುಚಿ ನೋಡಿದರು. ಬಿಲ್ಲೆಯ ಮರದ ಎಳೆಗಳು ಬಟ್ಟಲಿನ ಎಳೆಗಳಿಗೆ ಅಡ್ಡಡ್ಡ ಹೋಗಿ ನಡುವೆ ದುಂಡನೆಯ ಗುರುತು ಎದ್ದು ಕಾಣುತ್ತಿತ್ತು. ಅವರ ಬೆರಳು ಅಲ್ಲಿಗೆ ಹೋದದ್ದೇ ತಡ, ಹೆಂಡತಿ "ಅದು ಡಿಸೈನು" ಎನ್ನಲು ಬಾಯಿ ತೆರೆದಳು. ಮೇಸ್ತ್ರಿ ಬಿಡಲಿಲ್ಲ.

"ತಪ್ಪು ನನ್ನದು ಸಿಸ್ಟರ್. ನಂಗೆ ಕಿವಿ ಸರಿಯಾಗಿ ಕೇಳಲ್ಲ. ತಳ ತೂತಾಯ್ತು, ಅದೇ ಮರದ ಬಿಲ್ಲೆ ಕೂರಿಸಿದ್ದೀನಿ. ಬೇಡ ಅಂದ್ರೂ ಬೇಜಾರು ಮಾಡ್ಕೊಳ್ಳಲ್ಲ."

ನರ್ಸಮ್ಮ ತಲೆ ತಗ್ಗಿಸಿಕೊಂಡೇ ಹೆಬ್ಬೆರಳಿನಿಂದ ಆ ಗುರುತನ್ನು ಮೆಲ್ಲಗೆ ಸವರಿದರು. "ಹೊಕ್ಕುಳು ಇಲ್ಲದ ಕೂಸು ಆ ಬಾಗಿಲಿಂದ ಒಂದಾದ್ರೂ ಆಚೆ ಹೋಗಿದ್ಯಾ?" ಎನ್ನುತ್ತ ಬಟ್ಟಲನ್ನು ಮಡಿಲಲ್ಲಿ ಇಟ್ಟುಕೊಂಡರು.

ತಗ್ಗಿದ ಮುಖದಲ್ಲಿ ತುಟಿ ಕಾಣದೆ ಮೇಸ್ತ್ರಿಗೆ ಒಂದಕ್ಷರವೂ ತಿಳಿಯಲಿಲ್ಲ. ಹಿಂದಿನ ದಿನಗಳಾಗಿದ್ದರೆ ಎಲ್ಲ ಕೇಳಿದವನಂತೆ ತಲೆಯಾಡಿಸಿ ನಕ್ಕುಬಿಡುತ್ತಿದ್ದ. ಇವತ್ತು ನರ್ಸಮ್ಮನ ಎದುರಿಗೇ ಹೆಂಡತಿಯ ಕಡೆಗೆ ಕಿವಿ ಬಾಗಿಸಿ ಕೇಳಿದ:

"ಏನಂದ್ರು ಕಣೇ?"