ದೊರೆಯ ಕೊರಳಿನ ಹರಕೆ ಕಾಯಿ

ಎಣ್ಣೆ ಹಚ್ಚಿದ ಕಲ್ಲಿನ ವಾಸನೆ ಬಂದರೆ ಈಗಲೂ ನನಗೆ ಆ ಮಧ್ಯಾಹ್ನ ನೆನಪಾಗುತ್ತದೆ. ಚೌಕಾಸಿ ಮಾಡಿಯೇ ಬದುಕು ಕಟ್ಟಿಕೊಂಡವಳು ನಾನು. ಆದರೂ ಹೇಳುತ್ತೇನೆ, ಹೆತ್ತವಳ ಹತ್ತಿರ ಮಾತ್ರ ಚೌಕಾಸಿಗೆ ಇಳಿಯಬೇಡಿ.

ಸಾಗರ ಪೇಟೆಯಾಚೆ, ಶರಾವತಿ ದಂಡೆಯ ನಮ್ಮೂರಿನ ಕಟ್ಟೆಯ ಮೇಲೆ ಒಬ್ಬ ಇಂಗ್ಲಿಷ್ ದೊರೆಯ ಕಲ್ಲಿನ ಪ್ರತಿಮೆಯಿತ್ತು. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ನಮ್ಮ ಕಾಡಿನ ಮರದಿಂದ ಹಡಗು ಕಟ್ಟಿದವನಂತೆ. ಊರ ಹೆಂಗಸರು ಅವನಿಗೂ ಎಣ್ಣೆ ಹಚ್ಚಿ ಕುಂಕುಮ ಇಡುತ್ತಿದ್ದರು. ತನ್ನ ಮಗ ಬೊಂಬಾಯಿಗೆ ಹಡಗಿನ ಕೆಲಸಕ್ಕೆ ಹೋದಾಗ ನನ್ನ ದೊಡ್ಡಮ್ಮ ಆ ದೊರೆಯ ಕೊರಳಿಗೆ ಹರಕೆಯ ತೆಂಗಿನಕಾಯಿ ಕಟ್ಟಿದ್ದಳು. ಮಗ ಮರಳಿ ಬಂದ ದಿನವೇ ಅದನ್ನು ಒಡೆಯಬೇಕು. ಅವನ ಕಾಗದ ನಿಂತು ವರ್ಷಗಳೇ ಆಗಿದ್ದವು.

ಶರಾವತಿಯ ಅಣೆಕಟ್ಟಿನ ನೀರು ಗದ್ದೆಗೆ ನುಗ್ಗಿತ್ತು. ಊರು ಬಿಡಲು ಲಾರಿ ಬಂದರೂ ದೊಡ್ಡಮ್ಮ ಹತ್ತಲಿಲ್ಲ.

"ಹಡಗು ಕಟ್ಟಿದ ದೊರೆಗೆ ನೀರೇನು ಹೊಸದಾ? ಹತ್ತಿ ಅಮ್ಮಾ!" ಎಂದ ಡ್ರೈವರ್. ಎಲ್ಲರೂ ನಕ್ಕರು.

"ದೊರೆ ಚಿಂತೆ ಯಾರಿಗಪ್ಪಾ? ನನ್ ಮಗ ಬಂದ್ರೆ ನಮ್ಮನ್ನ ಎಲ್ಲಿ ಹುಡುಕ್ತಾನೆ?"

ಅಪ್ಪ ಮೆಲ್ಲಗೆ ಹೇಳಿದ: "ಅತ್ತಿಗೆ, ಕಾಯಿ ಬಿಚ್ಕೊಂಡು ಬನ್ನಿ. ನಾವು ಹೋಗೋ ತೀರ್ಥಹಳ್ಳಿ ಕಡೆ ಇದಕ್ಕಿಂತ ದೊಡ್ಡ ದೇವ್ರಿಗೆ ಕಟ್ಟುವಾ."

ದೊಡ್ಡಮ್ಮ ಪ್ರತಿಮೆಯ ಬಳಿಗೆ ಹೋದಳು. ಕಾಯಿ ಬಿಚ್ಚಿ, ಕಟ್ಟೆಯ ಅಂಚಿಗೆ ಹೊಡೆದು ಒಡೆದೇಬಿಟ್ಟಳು. ಒಳಗಿನ ನೀರು ಬತ್ತಿ ಕೊಬ್ಬರಿಯಾಗಿತ್ತು.

ಚೂರು ಮಾಡಿ ಮಕ್ಕಳ ಕೈಗೆಲ್ಲ ಹಂಚುತ್ತಾ ಅಂದಳು: "ತಿನ್ನಿ. ನಿಮ್ಮಣ್ಣ ಬಂದ ಅಂದ್ಕೊಂಡು ತಿನ್ನಿ."